ಗುಡ್ಡ ಹತ್ತಿದ ಹೊಳೆ

ಹಸಿ ಕಾಗದದ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮೀಸೆಯಿಲ್ಲ, ಇದ್ದಿದ್ದರೆ ತಿರುವುತ್ತಿದ್ದೆ. ಕಳೆದ ತಿಂಗಳು ಪುಣೆಯ ಕೊಂಢವಾದಲ್ಲಿ ಒಬ್ಬರ ಮನೆಗೆ ಹೋಗುವಾಗ ಮಳೆ ಜೋರಾಯಿತೆಂದು ಒಂದು ರದ್ದಿ ಅಂಗಡಿಯ ತಗಡಿನ ಕೆಳಗೆ ನಿಂತೆ. ಒಳಗೆ ಕಟ್ಟು ಕಟ್ಟಿ ಪೇರಿಸಿದ ಹಳೆಯ ಪುಸ್ತಕಗಳಿಂದ ಅದೇ ವಾಸನೆ ಎದ್ದು ಬಂತು. ಜೊತೆಗಿದ್ದ ಅಕ್ಕನ ಮಗಳು, "ಯಾಕ ಮೌಶಿ, ಒಬ್ಬಾಕೀನ ನಗಾಕತ್ತೀರಿ?" ಎಂದು ಕೇಳಿದಳು. ಹೇಳಬೇಕೆಂದರೆ ಒಂದು ಮಳೆಗಾಲವನ್ನು ಪೂರ್ತಿ ಹೇಳಬೇಕು. ರಸ್ತೆ ಬದಿಯಲ್ಲಿ ನಿಂತು ಮುಗಿಸುವ ಮಾತಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ಅದು ಎರಡು ಸಾವಿರದ ಐದರ ಮಳೆಗಾಲ. ನನಗೆ ಇಪ್ಪತ್ತಾರು ವರ್ಷ. ರಾಂಜಣಗಾಂವದ ಒಂದು ಕಾರ್ಖಾನೆಯ ಸ್ಟೋರ್ಸ್ ಆಫೀಸಿನಲ್ಲಿ ಕೆಲಸ. ಅಪ್ಪ ಬಿಜಾಪುರ ಕಡೆಯ ಅರಿವೆ ವ್ಯಾಪಾರಿಯೊಬ್ಬರ ಪುಣೆಯ ಅಂಗಡಿಯಲ್ಲಿ ಗುಮಾಸ್ತರು. ನಾನು ಹತ್ತನೆಯ ತರಗತಿಯವರೆಗೆ ಭೀಮಾ ತೀರದ ನಮ್ಮೂರಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಯಲ್ಲಿ ಓದಿದವಳು. ಆಮೇಲೆ ಕೊಂಢವಾದ ಬಾಡಿಗೆ ಮನೆಗೆ ಬಂದೆ. ಮರಾಠಿ ಆರು ತಿಂಗಳಲ್ಲಿ ನಾಲಿಗೆಗೆ ಹತ್ತಿತು. ಇಂಗ್ಲಿಷ್ ಮಾತ್ರ ಓದಿದರೆ ತಿಳಿಯುತ್ತಿತ್ತು, ಬಾಯಿ ತೆರೆದರೆ ಓಡಿಹೋಗುತ್ತಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಆ ವರ್ಷದ ನನ್ನ ಕಷ್ಟವೆಲ್ಲ ಇದರಿಂದಲೇ ಬಂತು.

ನಮ್ಮ ಮನೆಯ ಎದುರು ಪರ್ವೇಜನ ಕಂಪ್ಯೂಟರ್ ಕ್ಲಾಸ್ ಇತ್ತು. ಎರಡನೆಯ ಮಹಡಿ, ನಾಲ್ಕು ಕಂಪ್ಯೂಟರ್, ಒಂದು ಉದ್ದ ಮೇಜು. ಟೈಪಿಂಗ್ ಕಲಿಯಲು ಹೋದವಳು ಅಲ್ಲಿನ ಭಾನುವಾರದ ಆಟಕ್ಕೆ ಸಿಕ್ಕಿಬಿದ್ದೆ. ರೋಲ್ ಪ್ಲೇಯಿಂಗ್ ಗೇಮ್ ಎಂದು ಅದರ ಹೆಸರು. ಮೇಜಿನ ಸುತ್ತ ಕೂತ ನಾಲ್ಕೈದು ಜನರಲ್ಲಿ ಒಬ್ಬರು ಒಂದು ಕಲ್ಪನೆಯ ಲೋಕವನ್ನು ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಆ ಲೋಕದೊಳಗೆ ಹೊಕ್ಕು, ತಾವು ಏನು ಮಾಡುತ್ತೇವೆಂದು ಬಾಯಿಂದ ಹೇಳುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಬಯಲಾಟ ಕಂಡವರಿಗೆ ಇದೇನು ಹೊಸದಲ್ಲ, ಇಲ್ಲಿ ಮಾತನ್ನು ಯಾರೂ ಮೊದಲೇ ಬರೆದುಕೊಟ್ಟಿರುವುದಿಲ್ಲ ಅಷ್ಟೆ.

ನಡೆಸುತ್ತಿದ್ದವನು ಮಿಲಿಂದ, ಬ್ಯಾಂಕಿನ ನೌಕರ, ಶಾಂತ ಸ್ವಭಾವದವನು. ಪರ್ವೇಜ ಯಾವಾಗಲೂ ಖಡ್ಗ ಹಿಡಿಯುವ ಪಾತ್ರವನ್ನೇ ಆರಿಸುತ್ತಿದ್ದ. ನಾಲ್ಕನೆಯವರು ಗುರುರಾಜ್, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಇಂಜಿನಿಯರ್. ಆಟದ ಭಾಷೆ ಇಂಗ್ಲಿಷ್. ಹೀಗಾಗಿ ಎರಡು ವರ್ಷ ನಾನು ಗಾಯಕ್ಕೆ ಮದ್ದು ಹಚ್ಚುವ ಸನ್ಯಾಸಿನಿಯಾಗಿ, "ಐ ಹೀಲ್ ಹಿಮ್" ಎಂಬ ಮೂರು ಶಬ್ದಗಳಲ್ಲಿ ಕಾಲ ಹಾಕಿದೆ. ಮನಸ್ಸಿನೊಳಗೆ ಮಾತ್ರ ಮಿಲಿಂದನ ಪ್ರತಿಯೊಂದು ಕಾಡು, ಪ್ರತಿಯೊಂದು ಕೋಟೆಯನ್ನು ನಾನು ಬೇರೆ ರೀತಿ ಕಟ್ಟುತ್ತಿದ್ದೆ. ನನಗೆ ಅವನ ಜಾಗ ಬೇಕಾಗಿತ್ತು. ಹೇಳಿದರೆ ನಗುತ್ತಾರೆಂದು ಸುಮ್ಮನಿದ್ದೆ.

ಜೂನ್ ಕೊನೆಗೆ ಮಿಲಿಂದನಿಗೆ ನಾಗಪುರಕ್ಕೆ ವರ್ಗವಾಯಿತು. ಗಣಪತಿ ಹಬ್ಬಕ್ಕೆ ಮೊದಲು ಹೊರಡಬೇಕಿತ್ತು. ಅವನು ಮೇಜಿನ ಮೇಲೆ ಕೈಯೂರಿ, "ಇನ್ನು ಮುಂದೆ ಯಾವ ಲೋಕ, ಯಾರು ನಡೆಸುವವರು, ನೀವೇ ಹೇಳಿ. ಯಾರೂ ಮುಂದೆ ಬರದಿದ್ದರೆ ಇಲ್ಲಿಗೇ ಮುಗಿಸೋಣ" ಎಂದ. ನಾವು ಮಾತಾಡುತ್ತಿದ್ದದ್ದು ಮರಾಠಿ, ಹಿಂದಿ, ಇಂಗ್ಲಿಷುಗಳ ಕಲಬೆರಕೆ. ಓದುವವರಿಗೆ ತೊಂದರೆ ಬೇಡವೆಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹೊಸ ಲೋಕವನ್ನು ಶಿಫಾರಸು ಮಾಡಲು ನಮ್ಮಲ್ಲೊಂದು ಪದ್ಧತಿ ಇತ್ತು. ಬರೀ ಹೊಗಳಿದರೆ ಸಾಲದು. ಶಿಫಾರಸು ಮಾಡಿದವರೇ ಒಂದು ಭಾನುವಾರ ಬೆಳಗ್ಗೆ ಅದನ್ನು ನಡೆಸಿ ತೋರಿಸಬೇಕು. ಆಟದ ನಡುವೆ ಯಾರಿಗಾದರೂ ಬೇಸರ ಬಂದರೆ ಕಿಟಕಿಯಿಂದ ಕೆಳಗಿನ ಅಂಗಡಿಯ ತಾತ್ಯಾನಿಗೆ "ಚಹಾ" ಎಂದು ಕೂಗಬಹುದು. ಆಡುವ ಮೂವರಲ್ಲಿ ಇಬ್ಬರು ಕೂಗಿದರೆಂದರೆ ಆ ಲೋಕ ಬಿತ್ತು. ಯಾರೂ ಯಾರನ್ನೂ ನೋಯಿಸುವ ಮಾತಾಡದೆ ತೀರ್ಪು ಕೊಡುವ ಉಪಾಯವಿದು, ಪರ್ವೇಜನ ತಲೆಯಿಂದ ಬಂದದ್ದು.

ಗುರುರಾಜ್ ಅಂದೇ ಕೈ ಎತ್ತಿದರು. ಆ ಕಾಲಕ್ಕೆ ಎಲ್ಲರ ಬಾಯಲ್ಲಿದ್ದ ಒಂದು ವಿದೇಶಿ ಲೋಕವನ್ನು ಅವರು ತರಿಸಿಕೊಂಡಿದ್ದರು. ನನಗೆ ಏನನಿಸಿತೋ, ನಾನೂ ಕೈ ಎತ್ತಿಬಿಟ್ಟೆ. ಮೂವರೂ ನನ್ನ ಕಡೆ ತಿರುಗಿದರು.

"ನಂದು ಐದು ಪುಸ್ತಕ ಇದೆ, ಮ್ಯಾಪ್ಸ್ ಎಲ್ಲಾ ಕಲರ್," ಎಂದು ಗುರುರಾಜ್ ಕನ್ನಡದಲ್ಲಿ ನನಗಷ್ಟೇ ಹೇಳಿದರು. "ನಿಮ್ಮ ಹತ್ರ ಏನಿದೆ ಸುಮಂಗಲಾ ಅವರೇ?"

"ನಂದೂ ಒಂದ್ ಪುಸ್ತಕ ಅದರಿ. ಭಾಳ ಕತ್ತಲಿ ಅದ ಅದರಾಗ," ಎಂದೆ.

ಪುಸ್ತಕವಿದ್ದದ್ದು ನಿಜ. ಅಂಥದೇ ಒಂದು ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು. ಹೊದಿಕೆ ಇಲ್ಲ, ಹೆಸರಿಲ್ಲ, ಮೊದಲ ನಲವತ್ತು ಪುಟಗಳಿಲ್ಲ. ಉಳಿದದ್ದು ಮಳೆ ನೀರು ಕುಡಿದು ಉಬ್ಬಿತ್ತು. ಅದು ಡಾರ್ಕ್ ಫ್ಯಾಂಟಸಿ ಎಂಬ ಬಗೆಯದು: ಸೂರ್ಯ ಹುಟ್ಟದ ಒಂದು ನಾಡು, ಅಲ್ಲಿ ಗೆಲ್ಲುವ ರಾಜಕುಮಾರ ಇಲ್ಲ, ದೀಪ ಹಚ್ಚಲು ಜನ ಹೆದರುತ್ತಾರೆ, ಸತ್ತವರು ಸತ್ತಲ್ಲೇ ಇರುವುದಿಲ್ಲ. ಯಾಕೆ ಹೀಗಾಯಿತು ಎಂಬ ಕಾರಣ ಆ ಕಳೆದುಹೋದ ಪುಟಗಳಲ್ಲಿತ್ತು. ಕಾರಣವಿಲ್ಲದ ಕತ್ತಲೆಯನ್ನು ಯಾರು ನಂಬುತ್ತಾರೆ? ಅದನ್ನು ನಾನೇ ಹುಡುಕಿ ತುಂಬಬೇಕಿತ್ತು.

ಹುಡುಕಿದ್ದು ಕಂಪನಿ ಬಸ್ಸಿನಲ್ಲಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಕಿಟಕಿಗೆ ಮಳೆ ಬಡಿಯುತ್ತಿರುತ್ತಿತ್ತು. ಸ್ಟೋರ್ಸಿನ ಹಳೆಯ ಫಾರ್ಮುಗಳ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಪಕ್ಕದಲ್ಲಿ ಕೂರುವ ಕ್ವಾಲಿಟಿ ವಿಭಾಗದ ಹೆಂಗಸೊಬ್ಬರು ನಾನು ಯಾರಿಗೋ ಪ್ರೇಮಪತ್ರ ಬರೆಯುತ್ತಿದ್ದೇನೆಂದು ತಿಳಿದು ಮುಖ ಆ ಕಡೆ ತಿರುಗಿಸಿ ಕೂರುತ್ತಿದ್ದರು. ನಾಡಿನ ನಕ್ಷೆ ಪುಸ್ತಕದಲ್ಲಿ ಬಿಡಿಯಾಗಿ ಮಡಿಚಿಟ್ಟಿತ್ತು. ಅಕ್ಷರವೆಲ್ಲ ಅಳಿಸಿ ಗೆರೆಗಳಷ್ಟೇ ಉಳಿದಿದ್ದವು. ಎಡಗಡೆ ಸಮುದ್ರ, ಬಲಗಡೆ ಬೆಟ್ಟಗಳ ಸಾಲು, ನಡುವೆ ಒಂದು ದೊಡ್ಡ ನದಿ. ಅದನ್ನು ಡ್ರಾಯಿಂಗ್ ಹಾಳೆಯ ಮೇಲೆ ದೊಡ್ಡದಾಗಿ ಬರೆದು, ನೀಲಿ ಪೆನ್ಸಿಲಿನಿಂದ ನದಿ ಹರಿಯುವ ದಿಕ್ಕಿಗೆ ಬಾಣ ಹಾಕಿದೆ. ದಡದ ಊರುಗಳಿಗೆ ಒಂದೊಂದು ಹೆಸರಿಟ್ಟೆ. ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಗಿತ್ತು.

ಜುಲೈ ಕೊನೆಯಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು, ಪುಣೆಯೊಳಗೆ ಹರಿಯುವ ಮುಠಾ ನದಿಯ ಕೆಳಸೇತುವೆಗಳು ಮುಳುಗಿದವು. ಭೀಮಾ ತೀರದವರ ಮನೆಗಳಲ್ಲಿ ಅಂಥ ದಿನ ಒಂದು ಕೆಲಸ ತಪ್ಪುವುದಿಲ್ಲ. ಪುಣೆಯಲ್ಲಿ ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಅವ್ವ ಊರಿಗೆ ಫೋನ್ ಹಚ್ಚುತ್ತಿದ್ದಳು. ಇಲ್ಲಿನ ನೀರು ಭೀಮೆ ಸೇರಿ, ಇಂದಾಪುರದ ಹತ್ತಿರದ ಅಣೆಕಟ್ಟಿನ ಹಿನ್ನೀರು ತುಂಬಿಸಿ, ಅಲ್ಲಿಂದ ಮುಂದೆ ನಮ್ಮೂರ ಅಗಸಿ ಬಾಗಿಲಿಗೆ ಮುಟ್ಟಲು ದಿನಗಳು ಬೇಕು. ಅಷ್ಟರೊಳಗೆ ಅವರು ದನ, ಜ್ವಾಳ ಸಾಗಿಸಿಕೊಳ್ಳಬೇಕು.

"ತಮ್ಮಾ, ಇಲ್ಲಿ ಬಿಟ್ಟಾರ ನೋಡು. ಪಂಪ್‌ಸೆಟ್ ಬಿಚ್ಚಿ ಮ್ಯಾಲ ಇಡು. ಅವ್ವಗ ನಿಮ್ಮನಿಗಿ ಕರಕೊಂಡ್ ಹೋಗು," ಎಂದು ಅವ್ವ ಫೋನಿನಲ್ಲಿ ಕೂಗುತ್ತಿದ್ದಳು. ನಮ್ಮ ಸೋದರಮಾವ ಆ ಕಡೆಯಿಂದ ಏನೋ ಕೂಗುತ್ತಿದ್ದ.

ಅವ್ವ ಫೋನ್ ಇಟ್ಟ ಮೇಲೆ ನಾನು, "ನಾವು ಕರೆ ಮಾಡಿ ಹೇಳ್ತೀವಿ, ಹಿಂದಕ ಫೋನ್ ಇರಲಾರದಾಗ ಯಾರ ಹೇಳತಿದ್ರವಾ?" ಎಂದು ಕೇಳಿದೆ.

"ಯಾರ ಹೇಳ್ತಾರ? ಕೆಳಗಿನ ಓಣಿಯವರು ಕೂಗೋರು, ಮ್ಯಾಲಿನವ್ರು ಓಡಿ ಬರೋರು. ನಾ ಸಣ್ಣಾಕಿದ್ದಾಗ ಒಂದ್ ವರ್ಷ ಕೂಗಿದ್ರೂ ಯಾರೂ ಬರಲಿಲ್ಲ. ಇಬ್ರು ಹೋದ್ರು," ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೊಳಿ ದಂಡಿಗೆ ಹೋದಾಗೆಲ್ಲ ನಮ್ಮವ್ವ ಅಂತಿದ್ಲು, ಅವ್ರು ಇನ್ನೂ ಕೇಳ್ತಾರಂತ: ಕೂಗಿದ್ವಿ, ಯಾಕ ಬರಲಿಲ್ಲ?" ಎಂದಳು. ಆ ಮಾತು ನನ್ನ ತಲೆಯಲ್ಲಿ ಕೂತಿತು. ಅದನ್ನು ಏನು ಮಾಡಬೇಕೆಂದು ಮಾತ್ರ ಆಗ ತಿಳಿಯಲಿಲ್ಲ.

ಆಗಸ್ಟಿನ ಮೊದಲ ಭಾನುವಾರ ಗುರುರಾಜರ ಪರೀಕ್ಷೆ. ಅವರು ಚೆನ್ನಾಗಿ ಓದಿಕೊಂಡು ಬಂದಿದ್ದರು. ರಾಜವಂಶಗಳು, ಹನ್ನೊಂದು ದೇವರು, ಏಳು ಯುದ್ಧ. ಒಂದು ಗಂಟೆ ಕಳೆದರೂ ನಾವಿನ್ನೂ ರಾಜವಂಶದಲ್ಲೇ ಇದ್ದೆವು. ಪರ್ವೇಜ ಎದ್ದು ಕಿಟಕಿಗೆ ಹೋದ. ಅರ್ಧ ಗಂಟೆಗೆ ಮಿಲಿಂದನೂ ಹೋದ. ಗುರುರಾಜ್ ಪುಸ್ತಕಗಳನ್ನು ಮುಚ್ಚಿ, "ನಿಮಗೆ ಟೇಸ್ಟೇ ಇಲ್ಲ ಬಿಡ್ರಪ್ಪ," ಎಂದು ನಕ್ಕರು. ಅವರ ನಗೆ ಕಂಡು ನನಗೆ ಪಾಪ ಅನಿಸಿತು. ಅಷ್ಟು ಬಲ್ಲವರೇ ಬಿದ್ದರೆಂದರೆ ನನ್ನ ಗತಿ ಏನು? ನಾನೂ ಬಿದ್ದರೆ ಭಾನುವಾರವೇ ಮುಗಿಯಿತು.

ಮುಂದಿನ ವಾರ ನನ್ನದು. ನಕ್ಷೆಯನ್ನು ಮೇಜಿನ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಮೌಸ್ ಇಟ್ಟೆ. ಬರೆದುಕೊಂಡ ಇಂಗ್ಲಿಷನ್ನು ಓದತೊಡಗಿದೆ. ಸಮುದ್ರದ ಬಂದರಿನಿಂದ ನೀವು ದೋಣಿ ಹತ್ತಿದ್ದೀರಿ, ಪ್ರವಾಹದ ಜೊತೆ ಸಾಗಿ ಬೆಟ್ಟದ ಕೊನೆಯ ಊರು ತಲುಪುತ್ತೀರಿ. ನನ್ನ ದನಿ ನನಗೇ ಶಾಲೆಯ ಹಾಜರಿ ಕೂಗಿದ ಹಾಗೆ ಕೇಳುತ್ತಿತ್ತು. ಹತ್ತು ನಿಮಿಷಕ್ಕೇ ಗುರುರಾಜ್ ಕಿಟಕಿಗೆ ಹೋಗಿ ಚಹಾ ಕೂಗಿದರು. ವಾಪಸು ಬಂದವರು ನಕ್ಷೆಯ ಮೇಲೆ ಬಗ್ಗಿ ನೋಡಿ, ಪಾಪ, ಉಳಿದವರಿಗೆ ತಿಳಿಯದಿರಲೆಂದೋ ಏನೋ, ಕನ್ನಡದಲ್ಲಿ ಕೇಳಿದರು:

"ಸುಮಂಗಲಾ ಅವರೇ, ಈ ಬಾಣ ಎಲ್ಲಾ ಉಲ್ಟಾ ಇದೆಯಲ್ರೀ. ನದಿ ಸಮುದ್ರದಲ್ಲಿ ಹುಟ್ಟಿ ಬೆಟ್ಟಕ್ಕೆ ಹೋಗ್ತಿದೆ. ನೀರು ಬೆಟ್ಟ ಹತ್ತುತ್ತಾ?"

ನಾನು ನೋಡಿದೆ. ಹೌದು. ನನ್ನ ಹುಟ್ಟಿನಿಂದ ನಾನು ಕಂಡ ನದಿಗಳೆಲ್ಲ ಪಡುವಣ ಸಮುದ್ರಕ್ಕೆ ಬೆನ್ನು ಹಾಕಿ ಮೂಡಣಕ್ಕೆ ಹರಿಯುವಂಥವು. ಮುಠಾ ಹಾಗೆ, ಭೀಮೆ ಹಾಗೆ. ಪುಣೆಯಿಂದ ನಮ್ಮೂರಿಗೆ, ಎಡದಿಂದ ಬಲಕ್ಕೆ. ಬಸ್ಸಿನಲ್ಲಿ ಕೂತು ಯೋಚಿಸದೆ ಬಾಣ ಎಳೆದಿದ್ದೆ, ಬಲಗಡೆ ಇರುವುದು ಬೆಟ್ಟವೆಂಬುದು ಲಕ್ಷ್ಯಕ್ಕೇ ಬಂದಿರಲಿಲ್ಲ. ಪರ್ವೇಜ ಕುರ್ಚಿ ಹಿಂದೆ ಸರಿಸಿ ಅರ್ಧ ಎದ್ದಿದ್ದ. ಅವನೂ ಕಿಟಕಿಗೆ ಹೋದನೆಂದರೆ ಮುಗಿಯಿತು.

ಅಳು ಬರಬೇಕಿತ್ತು, ಸಿಟ್ಟು ಬಂತು. ಎರಡು ವರ್ಷ ಬಾಯಿ ಮುಚ್ಚಿ ಕೂತದ್ದರ ಸಿಟ್ಟು. "ಹೌದ್ರಿ, ಹತ್ತತದ," ಎಂದೆ. "ಈ ನಾಡಾಗ ಹೊಳಿ ತಿರುಗಿ ಗುಡ್ಡ ಹತ್ತಲಿಕ್ಕತ್ತದ. ಅದಕ್ಕs ಇಲ್ಲಿ ಕತ್ತಲಿ ಆಗ್ಯದ."

"ಏನಂದಳು?" ಎಂದು ಮಿಲಿಂದ ಕೇಳಿದ. ಗುರುರಾಜ್ ನಿಧಾನವಾಗಿ, "ನದಿ ವಾಪಸು ಬರ್ತಿದೆಯಂತೆ," ಎಂದು ಹೇಳಿದರು. ಪರ್ವೇಜ ಕೂತ.

ನಾನು ಬರೆದ ಹಾಳೆಗಳನ್ನು ಮಗುಚಿ ಇಟ್ಟೆ. ಆಮೇಲೆ ಬಂದದ್ದು ಮರಾಠಿ, ನಡುನಡುವೆ ಹಿಂದಿ. ಯಾವ ಭಾಷೆ ಎಂದು ನಾನೂ ನೋಡಲಿಲ್ಲ, ಅವರೂ ಕೇಳಲಿಲ್ಲ. ಬೆಟ್ಟದ ಊರಿನ ಹೊಳೆಯ ಮೆಟ್ಟಿಲುಗಳ ಹತ್ತಿರ ನೀವು ದೋಣಿ ಕಟ್ಟಿದ್ದೀರಿ. ನಿನ್ನೆ ನೀರು ಹತ್ತನೆಯ ಮೆಟ್ಟಿಲಲ್ಲಿತ್ತು, ಇವತ್ತು ಹನ್ನೆರಡನೆಯದರಲ್ಲಿದೆ. ಮೊದಲು ತೇಲಿ ಬಂದದ್ದು ಕೆಳಗಿನ ಊರುಗಳ ಸಾಮಾನು: ಒಂದು ಹೊಸ್ತಿಲು, ಬೀಸುಗಲ್ಲಿನ ಗೂಟ, ಗುಡಿಯ ಗಂಟೆ. ಈಗ ಜನರು ಬರುತ್ತಿದ್ದಾರೆ. ಒದ್ದೆ ಬಟ್ಟೆಯಲ್ಲಿ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಾರೆ. ಯಾರನ್ನೂ ಮುಟ್ಟುವುದಿಲ್ಲ. ಹಾದುಹೋಗುವವರನ್ನು ಒಂದೇ ಮಾತು ಕೇಳುತ್ತಾರೆ: ಕೂಗಿದೆವು, ಯಾಕೆ ಬರಲಿಲ್ಲ? ಸುಳ್ಳು ಹೇಳಿದರೆ ನೀರು ಒಂದು ಮೆಟ್ಟಿಲು ಏರುತ್ತದೆ.

ಪರ್ವೇಜ ರೂಢಿಯಂತೆ ಖಡ್ಗ ಎಳೆದ. "ಎಳೆ," ಎಂದೆ. "ಯಾರನ್ನು ಹೊಡೀತೀ? ಅವರು ಕೂತೇ ಇದ್ದಾರೆ." ಅವನು ದಾಳ ಕೈಯಲ್ಲಿ ಹಿಡಿದು ಹಿಡಿದು ಕೊನೆಗೆ ಕೆಳಗಿಟ್ಟ. ತಾನಂದು ಬೇರೆ ಊರಲ್ಲಿದ್ದೆನೆಂದು ಸುಳ್ಳು ಹೇಳಿದ. ನಾನು ಪೆನ್ಸಿಲ್ ತೆಗೆದು ನಕ್ಷೆಯ ಅಂಚಿನಲ್ಲಿ ಒಂದು ಗೆರೆ ಎಳೆದು ನೀರನ್ನು ಒಂದು ಮೆಟ್ಟಿಲು ಏರಿಸಿದೆ. ಗುರುರಾಜ್ ಹೊಳೆಯವರ ಜೊತೆ ವಾದಕ್ಕಿಳಿದರು, ಕಾನೂನು ಹೇಳಿದರು, ರಾಜನ ಆಜ್ಞೆ ಇತ್ತೆಂದರು. ಇನ್ನೂ ಎರಡು ಮೆಟ್ಟಿಲು ಏರಿತು. ಊರಿನ ಮೊದಲ ಮನೆಯ ಬಾಗಿಲಿಗೆ ನೀರು ತಾಗಿತು.

ಮಿಲಿಂದ ಅಂಬಿಗನ ಪಾತ್ರ ಆರಿಸಿದ್ದ. ಎರಡು ವರ್ಷ ನಮ್ಮನ್ನೆಲ್ಲ ಆಡಿಸಿದವನು ತಾನು ಒಮ್ಮೆಯೂ ಪಾತ್ರವಾಗಿ ಆಡಿರಲಿಲ್ಲ, ಹಿಂದಿನ ವಾರವಂತೂ ಆಟ ಶುರುವೇ ಆಗಿರಲಿಲ್ಲ. ಮೆಟ್ಟಿಲ ಮೇಲೆ ಅವನ ಎದುರು ಅವನ ತಮ್ಮನೇ ಕೂತಿದ್ದಾನೆಂದು ಹೇಳಿದೆ. ಹೊರಗೆ ಮಳೆ ಸುರಿಯುತ್ತಿತ್ತು. ಮಿಲಿಂದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಕೇಳಿಸಿತ್ತು," ಎಂದ ಕೊನೆಗೆ. "ನೀನು ಕೂಗಿದ್ದು ನನಗೆ ಕೇಳಿಸಿತ್ತು. ಹೆದರಿಕೊಂಡು ಬರಲಿಲ್ಲ."

ನಾನು ರಬ್ಬರಿನಿಂದ ಒಂದು ಗೆರೆ ಅಳಿಸಿದೆ. ನೀರು ಒಂದು ಮೆಟ್ಟಿಲು ಇಳಿಯಿತು. ಪರ್ವೇಜ ಮೇಜಿಗೆ ಗುದ್ದಿ, "ತಡಿ ತಡಿ, ನಾನು ಮತ್ತೊಮ್ಮೆ ಹೋಗಿ ನಿಜ ಹೇಳ್ತೀನಿ!" ಎಂದು ಕಿರುಚಿದ.

ಆಗಲೇ ಬಾಗಿಲು ದಬದಬ ಬಡಿದ ಸದ್ದಾಯಿತು. ಕೆಳಗಿನ ಅಂಗಡಿಯ ತಾತ್ಯಾ, ಅರವತ್ತು ದಾಟಿದ ಮನುಷ್ಯ, ಏದುಸಿರು ಬಿಡುತ್ತ ನಿಂತಿದ್ದ. "ಒಂದು ಚಹಾ ಕೂಗಿ ಸುಮ್ಮನಾದಿರಿ. ತಂದಿಟ್ಟು ಹೋದೆ, ಲೋಟ ಕೆಳಗೆ ವಾಪಸು ಬರಲೇ ಇಲ್ಲ. ಹನ್ನೆರಡೂವರೆ ಆಯಿತು. ಮೇಲೆ ಏನಾದರೂ ಆಯಿತೇನು, ಯಾರಾದರೂ ಸತ್ತರೇನು ಎಂದು ನೋಡಲು ಬಂದೆ," ಎಂದ.

"ಸತ್ತಿದ್ದಾರೆ ತಾತ್ಯಾ, ಇಡೀ ಊರಿಗೆ ಊರೇ," ಎಂದು ಪರ್ವೇಜ ಹೇಳಿದ. ಕಿಟಕಿಯ ಕಟ್ಟೆಯ ಮೇಲೆ ಗುರುರಾಜರ ಚಹಾ ಕೆನೆಗಟ್ಟಿ ತಣ್ಣಗೆ ಕೂತಿತ್ತು. ಅವರೇ ಅದನ್ನು ಮರೆತಿದ್ದರು. ಅದನ್ನು ಕಂಡ ಆ ಗಳಿಗೆಯ ಸಂತೋಷವನ್ನು ನಾನು ಬೇರೆ ಯಾವುದಕ್ಕೂ ಬಿಟ್ಟುಕೊಡಲಾರೆ. ಎಸ್ಸೆಸ್ಸೆಲ್ಸಿಯ ಫಸ್ಟ್ ಕ್ಲಾಸೂ ಅಷ್ಟು ರುಚಿಸಿರಲಿಲ್ಲ. ಜೋರಾಗಿ ನಕ್ಕುಬಿಟ್ಟೆ, ಕಣ್ಣಲ್ಲಿ ನೀರೂ ಬಂತು.

ಹೊರಡುವಾಗ ಗುರುರಾಜ್ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದರು: "ನಿಜ ಹೇಳಿ, ಆ ಬಾಣ ತಪ್ಪಾಗಿದ್ದು ತಾನೇ? ಪುಸ್ತಕದಲ್ಲಿ ಹೀಗಿಲ್ಲ ಅಲ್ವಾ?"

"ತಪ್ಪs ರೀ. ನಂದs ತಪ್ಪು," ಎಂದೆ. ಇಷ್ಟು ಹೆಮ್ಮೆಯಿಂದ ತಪ್ಪೊಪ್ಪಿಕೊಂಡವರನ್ನು ಅವರು ಕಂಡಿರಲಿಕ್ಕಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳ ಮಾತನ್ನೇ ತೆಗೆದುಕೊಂಡು ಆಡಿದೆನೆಂದು ಬೈಯುತ್ತಾಳೇನೋ ಎಂದು ಅಳುಕಿತ್ತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಖರೇ ಹೇಳಿದ ಮ್ಯಾಲ ನೀರು ಇಳೀತೇನು?" ಎಂದು ಕೇಳಿದಳು. ಇಳಿಯಿತೆಂದೆ. "ಛಲೋ ಮಾಡಿದಿ ಬಿಡು," ಎಂದು ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಮಿಲಿಂದ ಹೋಗುವ ಮೊದಲು ನಾನು ಇನ್ನೂ ಎರಡು ಭಾನುವಾರ ನಡೆಸಿದೆ. ಸ್ಟೇಷನ್ನಿಗೆ ಬೀಳ್ಕೊಡಲು ಹೋದರೆ ಅವನು ರೈಲಿನ ಬಾಗಿಲಲ್ಲಿ ನಿಂತು, ತನ್ನ ಅಂಬಿಗನನ್ನು ಸಾಯಿಸಬೇಡ, ದೀಪಾವಳಿಗೆ ಬರುತ್ತೇನೆ ಎಂದು ಕೂಗಿ ಹೇಳಿದ. ಪಕ್ಕದ ಪ್ರಯಾಣಿಕರು ಗಾಬರಿಯಾದರು. ಆ ಲೋಕವನ್ನು ನಾವು ಮುಂದೆ ನಾಲ್ಕು ವರ್ಷ ಆಡಿದೆವು. ಹರಿದ ಪುಸ್ತಕದ ಅಗತ್ಯ ಮತ್ತೆ ಬೀಳಲೇ ಇಲ್ಲ. ಇವತ್ತಿಗೂ ಯಾರಾದರೂ ಒಳ್ಳೆಯ ಕತ್ತಲೆಯ ಲೋಕವೊಂದನ್ನು ಹೇಳಿ ಎಂದರೆ ನಾನು ಸಂಕೋಚವಿಲ್ಲದೆ ನನ್ನದನ್ನೇ ಹೇಳುತ್ತೇನೆ. ರಾಕ್ಷಸರನ್ನು ಕೊಂದು ಮನೆಗೆ ಹೋಗುವ ಆಟ ಬೇಕಿದ್ದವರು ಬೇರೆ ಕಡೆ ಹೋಗಲಿ.

ಅದೇ ವರ್ಷ ಗಣಪತಿ ವಿಸರ್ಜನೆಯಾದ ಮುಂದಿನ ಭಾನುವಾರದ ಮಾತೊಂದು ಉಳಿದಿದೆ. ನಾನು ಹತ್ತು ನಿಮಿಷ ತಡವಾಗಿ ಹೋಗಿದ್ದೆ. ಮೆಟ್ಟಿಲ ತಿರುವಿನಲ್ಲಿ ಗುರುರಾಜರ ದನಿ ಕೇಳಿಸಿತು. ಅವರ ಆಫೀಸಿನ ಹೊಸ ಹುಡುಗಿಯೊಬ್ಬಳನ್ನು ಕರೆತಂದಿದ್ದರು, ಮೈಸೂರು ಕಡೆಯವಳು. ಅವಳು ಒಳಗೆ ಬರಲು ಹಿಂಜರಿಯುತ್ತಿದ್ದಳು. "ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ ಸರ್," ಎನ್ನುತ್ತಿದ್ದಳು.

"ಅಯ್ಯೋ, ಅಲ್ಲಿ ಅದೆಲ್ಲ ಯಾರಿಗೆ ಬೇಕು, ಬನ್ನಿ," ಎಂದರು ಗುರುರಾಜ್. "ನನ್ನ ಹತ್ರ ಐದು ಪುಸ್ತಕ ಇದೆ, ಅದನ್ನ ನಾನು ನಿಮಗೆ ಹೇಳಲ್ಲ. ಇದನ್ನ ಹೇಳ್ತೀನಿ. ಒಂದು ಸಲ ಕೂತು ನೋಡಿ, ಎದ್ದು ಹೋಗೋಕೆ ಆಗಲ್ಲ."

"ಯಾವ ಪುಸ್ತಕದ್ದು ಸರ್ ಇದು?"

"ಪುಸ್ತಕ ಇಲ್ಲಮ್ಮ. ನಮ್ಮ ಸುಮಂಗಲಾ ಅವರದ್ದು."

ನಾನು ಗೋಡೆಗೆ ಆತು ಎರಡು ನಿಮಿಷ ನಿಂತೆ. ಕೆನ್ನೆ ನೋಯುವಷ್ಟು ನಗು ಬರುತ್ತಿತ್ತು, ಹಾಗೇ ಮುಖ ತೋರಿಸುವಂತಿರಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, ಏನೂ ಕೇಳದವಳ ಹಾಗೆ ಮೇಲೆ ಹೋಗಿ, "ಬರ್ರಿ ತಂಗಿ, ಒಳಗ ಬರ್ರಿ," ಎಂದು ಅವಳ ಕೈ ಹಿಡಿದು ಕರೆದುಕೊಂಡು ಹೋದೆ.